ಎಡಗಡೆಯ ಗಿಡ

ಕಣ್ಣಮ್ಮ ತಟ್ಟೆಯ ಬಲಗಡೆಯ ಎರಡು ಇಡ್ಲಿ ತಿಂದು ಮುಗಿಸುವಳು. ಎಡಗಡೆ ಎರಡು ಹಾಗೇ ಕೂತಿರುವಾಗಲೇ ಇನ್ನೆರಡು ಹಾಕಿ ಎಂದು ಗಂಡನನ್ನು ಕೇಳುವಳು. ತಟ್ಟೆಯಲ್ಲೇ ಇದೆಯಲ್ಲ ಎಂದು ವೆಂಕಟಾಚಲಂ ಹೇಳಿದರೆ ಮತ್ತೆ ಬಲಗಡೆಯೇ ಹುಡುಕಿ, ನನ್ನ ಹತ್ತಿರ ತಮಾಷೆ ಬೇಡ ಎಂದು ಸಿಡುಕುವಳು. ಸೂಲೂರಿನ ವಾಯುನೆಲೆಯಿಂದ ಎದ್ದ ವಿಮಾನ ಮನೆಯ ಎಡಕ್ಕೆ ಗುಡುಗಿಕೊಂಡು ಹೋದರೂ ಅವಳು ನೋಡುವುದು ಬಲಗಡೆಯ ಕಿಟಕಿಯನ್ನು. ತಲೆ ಬಾಚಿಕೊಂಡರೆ ಅರ್ಧ ತಲೆ.

ನಾಲ್ಕು ತಿಂಗಳ ಹಿಂದೆ ಸ್ಟ್ರೋಕ್ ಹೊಡೆದಾಗ ಎಡಗೈ, ಎಡಗಾಲು ಸೋತವು. ಅದು ನೆಂಟರಿಗೆಲ್ಲ ಕಂಡ ನಷ್ಟ. ಬಂದು ನೋಡಿ, ಮೂಸಂಬಿ ಇಟ್ಟು, ಅತ್ತು ಹೋದರು. ಕಾಣದ ನಷ್ಟ ಇನ್ನೊಂದಿತ್ತು. ಕಣ್ಣು ನೆಟ್ಟಗಿತ್ತು, ಮಾತು ನೆಟ್ಟಗಿತ್ತು, ಬೈಗುಳವಂತೂ ಮೊದಲಿಗಿಂತ ಹರಿತವಾಗಿತ್ತು. ಆದರೆ ಎಡಗಡೆ ಎಂಬುದೊಂದು ಇದೆ ಎನ್ನುವುದನ್ನೇ ಅವಳ ಮಿದುಳು ಮರೆತುಬಿಟ್ಟಿತ್ತು.

ವಾರಕ್ಕೆರಡು ದಿನ ಕೊಯಮತ್ತೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಫಿಸಿಯೋಥೆರಪಿಯ ಮೇರಿ ಇದನ್ನು ವೆಂಕಟಾಚಲಂನಿಗೆ ಬಿಡಿಸಿ ಹೇಳಿದ್ದಳು. ಮೇರಿ ಮೈಸೂರಿನ ಕಡೆಯ ಹುಡುಗಿ, ಈ ಸೀಮೆಗೆ ಬಂದು ಎರಡು ವರ್ಷ. ಅವಳ ಶುದ್ಧ ಕನ್ನಡ ಕೇಳಿದರೆ ಕಣ್ಣಮ್ಮನಿಗೆ ನಗು. ಪಾಠ ಒಪ್ಪಿಸುತ್ತಾಳೆ ಎಂದು ಹಾಸ್ಯ ಮಾಡುವಳು. ಇವರದು ತಲೆತಲಾಂತರದಿಂದ ಇಲ್ಲೇ ಮಗ್ಗ ಹೂಡಿದ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಕನ್ನಡದ ಅಕ್ಷರ ಇಬ್ಬರಿಗೂ ಬಾರದು. ಮೇರಿ ಹೇಳಿದ ನಿಯಮಗಳನ್ನು ವೆಂಕಟಾಚಲಂ ಅದಕ್ಕೇ ಬರೆದುಕೊಳ್ಳದೆ ಬಾಯಿಪಾಠ ಮಾಡಿಕೊಂಡ. ಯಾವಾಗಲೂ ಅವಳ ಎಡಗಡೆಯಿಂದಲೇ ಮಾತಾಡಿಸಬೇಕು. ಎಡಗಡೆಯೇ ಕೂರಬೇಕು. ಮುಖ್ಯವಾದದ್ದು ಕೊನೆಯದು.

"ತಟ್ಟೆ ಮಾತ್ರ ತಿರುಗಿಸಬೇಡಿ ಅಂಕಲ್. ನೀವು ತಿರುಗಿಸಿ ಕೊಟ್ಟರೆ ಅವರು ಯಾವತ್ತೂ ಹುಡುಕುವುದಿಲ್ಲ."

ಎಡಗಡೆ ಇದೆ ಎಂದು ತಿಳಿಯದ ಹೆಂಗಸನ್ನು ನಡೆಸುವಂತಿಲ್ಲ. ನಿಲ್ಲಿಸಿದರೆ ಬಾಗಿಲ ಚೌಕಟ್ಟಿಗೆ ಹೋಗಿ ಗುದ್ದಿಕೊಳ್ಳುತ್ತಾಳೆ. ತಲೆ ತಿರುಗಿದ ಮೇಲೆಯೇ ವಾಕರ್ ಎಂದು ಮೇರಿ ಕಟ್ಟುನಿಟ್ಟಾಗಿ ಹೇಳಿದ್ದಳು. ಮರಳಿ ಬರುವುದೆಲ್ಲ ಹೆಚ್ಚಾಗಿ ಮೊದಲ ಒಂದು ವರ್ಷದೊಳಗೇ ಬರುತ್ತದೆ ಎಂದೂ ಹೇಳಿದ್ದಳು. ಕಣ್ಣಮ್ಮನ ಆಸೆಯೇನೂ ದೊಡ್ಡದಲ್ಲ. ಬಾತ್‌ರೂಮಿಗೆ ತಾನೇ ನಡೆದು ಹೋಗಬೇಕು, ಬಾಗಿಲು ಹಾಕಿಕೊಳ್ಳಬೇಕು, ಅಷ್ಟೇ. ಗಂಡನ ಕೈಯಲ್ಲಿ ತೊಳೆಸಿಕೊಳ್ಳುವಾಗ ಅವಳು ಗೋಡೆ ನೋಡುತ್ತ ಮಾತು ನಿಲ್ಲಿಸಿಬಿಡುತ್ತಿದ್ದಳು. ಜೀವಮಾನವೆಲ್ಲ ಬಾಯಿ ಮುಚ್ಚದ ಹೆಂಗಸು ಆ ಹತ್ತು ನಿಮಿಷ ಮೂಕಿಯಾಗುವುದನ್ನು ನೋಡಲು ವೆಂಕಟಾಚಲಂನಿಗೆ ಆಗುತ್ತಿರಲಿಲ್ಲ.

ಎಡಗಡೆ ಏನಾದರೂ ಓಡಾಡುವ ವಸ್ತು ಇಡಿ, ಬಣ್ಣದ್ದು, ಜೀವ ಇರುವಂಥದ್ದು ಎಂದು ಮೇರಿ ಹೇಳಿದ ಭಾನುವಾರವೇ ಪೆರಿಯನಾಯಕನಪಾಳ್ಯದಿಂದ ಮಗಳು ಗೋಕಿಲಾ ತನ್ನ ಮನೆಯಲ್ಲಿ ಧೂಳು ತಿನ್ನುತ್ತಿದ್ದ ಮೀನಿನ ತೊಟ್ಟಿಯನ್ನು ಆಟೋದಲ್ಲಿ ಹಾಕಿಕೊಂಡು ಬಂದಳು. ಮೂರಡಿ ಉದ್ದದ ಗಾಜಿನ ತೊಟ್ಟಿ. ಅದನ್ನು ಮಂಚದ ಮುಂದೆ ಬೆಂಚಿನ ಮೇಲಿಟ್ಟರು. ತೊಟ್ಟಿಯ ಒಂದು ತುದಿ, ಬಾಗಿಲ ಕಡೆಯದು, ಕಣ್ಣಮ್ಮನ ಮುಖಕ್ಕೆ ನೇರ. ಇನ್ನೊಂದು, ಗೋಡೆ ಕಡೆಯದು, ಅವಳಿಗೆ ಪೂರಾ ಎಡಕ್ಕೆ. ನೀರು ತುಂಬಿ ಮಾಲಿ ಎಂಬ ಜಾತಿಯ ಎಂಟು ಮೀನು ಬಿಟ್ಟದ್ದಾಯಿತು. ಅದರಲ್ಲಿ ಕಿತ್ತಳೆ ಬಣ್ಣದ ಒಂದು ದಪ್ಪ ಮೀನು ಉಳಿದ ಏಳನ್ನೂ ಅಟ್ಟಿಸಿಕೊಂಡು ಹೋಗುತ್ತಿತ್ತು. ಕಣ್ಣಮ್ಮ ಅದಕ್ಕೆ ಅತ್ತೆ ಎಂದು ಹೆಸರಿಟ್ಟಳು. ತನ್ನ ಅತ್ತೆಯನ್ನೇ ನೆನೆದು ಇಟ್ಟದ್ದು ಎಂಬುದರಲ್ಲಿ ವೆಂಕಟಾಚಲಂನಿಗೆ ಸಂಶಯವಿರಲಿಲ್ಲ, ಆದರೆ ಕೇಳಲು ಹೋಗಲಿಲ್ಲ.

ತೊಂದರೆ ಏನೆಂದರೆ ಗಾಳಿಗುಳ್ಳೆ ಬಿಡುವ ಫಿಲ್ಟರು ಬಾಗಿಲ ಕಡೆ ಇತ್ತು. ಎಂಟು ಮೀನೂ ಅಲ್ಲೇ ಗುಂಪಾಗುತ್ತಿದ್ದವು. ಕಣ್ಣಮ್ಮ ತಲೆ ತಿರುಗಿಸದೆ ಆರಾಮಾಗಿ ನೋಡುತ್ತಿದ್ದಳು. ಮೀನು ಎಡಕ್ಕೆ ಹೋಗಬೇಕು, ಆಗ ತಲೆ ಎಡಕ್ಕೆ ಹೋಗುತ್ತದೆ. ಮೀನಿಗೆ ಹೇಳುವವರಾರು? ಪ್ಲಾಸ್ಟಿಕ್ ಗಿಡ ಇಟ್ಟು ನೋಡಿದ. ಅತ್ತೆ ಒಂದು ಸಲ ಹೋಗಿ ಮೂತಿಯಿಂದ ತಿವಿದು ವಾಪಸು ಬಂದಿತು.

ಸೂಲೂರಿನ ಬಸ್ ನಿಲ್ದಾಣದ ಹಿಂದೆ ಸೆಂದಿಲ್ ಎಂಬುವನದು ಮೀನಿನ ಅಂಗಡಿ. ಮಾಲಿಗೆ ಹಸಿ ಗಿಡ ಬೇಕು, ಎಲೆಯ ಮೇಲೆ ಕೂತ ಪಾಚಿ ಮೇಯುತ್ತವೆ, ಗಿಡ ಎಲ್ಲಿ ನೆಟ್ಟರೆ ಅಲ್ಲೇ ಸಂಸಾರ ಹೂಡುತ್ತವೆ ಎಂದು ಅವನು ತಮಿಳಿನಲ್ಲಿ ವಿವರಿಸಿದ. ಯಾವ ಗಿಡ ಎಂದು ಹೇಳುವುದರೊಳಗೆ ವೆಂಕಟಾಚಲಂ ತಾನೇ ಆರಿಸಿಬಿಟ್ಟಿದ್ದ. ಕುಂಕುಮದ ಕೆಂಪಿನದು ಒಂದು ಕಟ್ಟು, ನೇರಳೆ ಅಂಚಿನದು ಇನ್ನೊಂದು. ಮೂವತ್ತೊಂದು ವರ್ಷ ತಿರುಪ್ಪೂರಿನ ಬ್ಲೀಚಿಂಗ್ ಘಟಕದಲ್ಲಿ ಮಾಸ್ಟರ್ ಆಗಿದ್ದವನು ಅವನು. ಬಟ್ಟೆಯ ಬಣ್ಣ ತೆಗೆಯುವುದೇ ಕಸುಬಾದವನಿಗೆ ಬಣ್ಣದ ಮೇಲೆ ಆಸೆ ಜಾಸ್ತಿ. ಸೆಂದಿಲ್ ಬೇಡ ಎಂದರೂ ಕೇಳಲಿಲ್ಲ.

ಹತ್ತೇ ದಿನಕ್ಕೆ ಎಲ್ಲ ಕೊಳೆತು ಲೋಳೆಯಾಯಿತು. ನೇರಳೆ ಅಂಚಿನದು ನೀರೊಳಗೆ ಬದುಕುವ ಗಿಡವೇ ಅಲ್ಲವಂತೆ. ಕುಂಡದ ಗಿಡ, ಅಂದಕ್ಕೆ ಮುಳುಗಿಸಿ ಮಾರುತ್ತಾರೆ ಅಷ್ಟೇ. ಕೆಂಪಿನದಕ್ಕೆ ಮೆದು ನೀರು, ಭಾರೀ ಬೆಳಕು ಬೇಕು. ಇವನ ಬೋರಿನ ಉಪ್ಪು ನೀರಿಗೆ ಅದು ತಾಳುವುದಿಲ್ಲ. ನೀರಿನ ಗಡಸುತನದ ಮಾತು ಸೆಂದಿಲ್ ಬಾಯಲ್ಲಿ ಬಂದಾಗ ವೆಂಕಟಾಚಲಂನಿಗೆ ಮುಖ ಸಣ್ಣದಾಯಿತು. ಒಂದು ಚಿಟಿಕೆ ಸೋಪಿನ ನೊರೆ ನೋಡಿ ನೀರಿನ ಜಾತಕ ಹೇಳುತ್ತಿದ್ದವನು ಅವನು. ಆ ವಿದ್ಯೆಯನ್ನು ಮನೆಯ ತೊಟ್ಟಿಗೆ ತರಬೇಕು ಎಂದು ಮಾತ್ರ ತಲೆಗೆ ಹೊಳೆದಿರಲಿಲ್ಲ.

ಎರಡನೆಯ ಸಲ ಬಾಯಿ ಮುಚ್ಚಿಕೊಂಡು ಸೆಂದಿಲ್ ಕೊಟ್ಟದ್ದನ್ನು ತಂದ. ವ್ಯಾಲಿಸ್ನೇರಿಯಾ ಎಂಬ ರಿಬ್ಬನ್ನಿನಂಥ ಉದ್ದೆಲೆಯ ಹುಲ್ಲು, ಗಡಸು ನೀರೆಂದರೆ ಅದಕ್ಕೆ ಹಬ್ಬ. ಅನುಬಿಯಸ್ ಎಂಬ ದಪ್ಪೆಲೆಯ ಮೊಂಡು ಗಿಡ. ಅದರ ಗೆಡ್ಡೆಯನ್ನು ಜಲ್ಲಿಯಲ್ಲಿ ಹೂಳಿದರೆ ಕೊಳೆಯುತ್ತದೆ, ಕಲ್ಲಿಗೋ ಕಟ್ಟಿಗೆಗೋ ದಾರದಲ್ಲಿ ಕಟ್ಟಬೇಕು. ನೇಕಾರರ ಮನೆಯ ಕೈಗೆ ಗಂಟು ಹಾಕುವುದು ಕಲಿಸಬೇಕೇ? ಎರಡನ್ನೂ ತೊಟ್ಟಿಯ ನಡುವೆ ನಿಲ್ಲಿಸಿದ. ವಾರದಲ್ಲಿ ಹುಲ್ಲು ಚಿಗುರಿತು. ಅತ್ತೆ ಪರಿವಾರ ಸಮೇತ ಅಲ್ಲಿಗೆ ಬಿಡಾರ ಬದಲಿಸಿತು.

ಆಮೇಲಿನ ಆರು ವಾರ ಆ ಮನೆಯಲ್ಲಿ ಒಳ್ಳೆಯ ದಿನಗಳು. ಮೇರಿ ಬಂದಾಗೆಲ್ಲ ಗಿಡವನ್ನು ಎರಡು ಬೆರಳಿನಷ್ಟು ಗೋಡೆಯ ಕಡೆಗೆ ಸರಿಸುವಳು. ಕಣ್ಣಮ್ಮ, ಅತ್ತೆ ಎಲ್ಲಿ ಹೋದಳು ಎಂದು ಹುಡುಕುವಳು. ಮೊದಲು ಕಣ್ಣು, ಆಮೇಲೆ ಗದ್ದ, ಆಮೇಲೆ ಕತ್ತು. ಒಂದು ಬೆಳಿಗ್ಗೆ ಅವಳು ತಾನಾಗಿಯೇ ಗಂಡನನ್ನು ಕರೆದು ಹೇಳಿದಳು:

"ಏನುಂಗ, ಈ ಹುಲ್ಲು ನೋಡ್ರಿ, ನಮ್ಮಪ್ಪ ಬೀದೀಲಿ ಪಾವು ಹಾಸಿದಂಗೇ ಐತೆ."

ಮಗ್ಗದ ಪಾವು, ಅಂದರೆ ಹಾಸಿನ ನೂಲನ್ನು, ಬೀದಿಯುದ್ದಕ್ಕೂ ಎಳೆದು ಕಟ್ಟುತ್ತಿದ್ದ ಕಾಲದ ಮಾತು ಅದು. ವೆಂಕಟಾಚಲಂ ನೋಡಿದ್ದು ಹುಲ್ಲನ್ನಲ್ಲ. ಅವಳ ಗದ್ದ ತೊಟ್ಟಿಯ ಅರ್ಧವನ್ನು ದಾಟಿ ಎಡಕ್ಕೆ ಬಂದಿತ್ತು. ಆ ದಿನ ತಟ್ಟೆಯ ಎಡಗಡೆಯ ಎರಡು ಇಡ್ಲಿಯಲ್ಲಿ ಒಂದನ್ನು ಅವಳೇ ಹುಡುಕಿ ತಿಂದಳು. ಅವನು ಅಡುಗೆಮನೆಗೆ ಹೋಗಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಿಂತ.

ಉಳಿದದ್ದು ಗೋಡೆ ಕಡೆಯ ಕೊನೆಯ ಮೂಲೆ. ಅಲ್ಲಿಗೆ ಬೆಳಕು ಕಡಿಮೆ, ನೆಟ್ಟ ಹುಲ್ಲು ಬಡವಾಗುತ್ತಿತ್ತು. ನೆರಳಿನಲ್ಲೂ ಬಾಳುವ ಅನುಬಿಯಸ್ಸಿನ ದೊಡ್ಡ ಬುಡವೇ ಆಗಬೇಕು, ಒಳ್ಳೆಯ ಕಟ್ಟಿಗೆಗೆ ಕಟ್ಟಿ ನಿಲ್ಲಿಸಿ ಎಂದ ಸೆಂದಿಲ್. ಮೊಳದುದ್ದದ ಒಂದು ಬೇರುಗಟ್ಟಿಗೆಯನ್ನೂ ಗಿಡವನ್ನೂ ಎತ್ತಿ ಕೊಟ್ಟ. ಗುರುವಾರ ಮೇರಿ ಬರುವವಳಿದ್ದಳು. ಆ ಮೂಲೆಗೆ ತಲೆ ತಿರುಗಿದರೆ ವಾಕರ್ ತರಿಸೋಣ ಎಂದು ಹೇಳಿ ಹೋಗಿದ್ದಳು. ಬುಧವಾರ ಬೆಳಿಗ್ಗೆಯೇ ವೆಂಕಟಾಚಲಂ ಹಿತ್ತಲಿನಲ್ಲಿ ಬಕೆಟ್ಟು ಹರಡಿ ಕೂತ.

ಗಿಡದ ಎಲೆಯಡಿ ಜೆಲ್ಲಿಯಂತೆ ಬಸವನಹುಳುವಿನ ಮೊಟ್ಟೆ ಅಂಟಿದ್ದವು. ಕಟ್ಟಿಗೆಯಲ್ಲಿ ಕಪ್ಪು ಜಿಡ್ಡು. ಅವನ ಕಸುಬಿನಲ್ಲಿ ಒಂದು ಶಿಸ್ತು ಇತ್ತು: ಹೊರಗಿನಿಂದ ಬಂದ ಯಾವ ಸರಕೂ ಬೆಳ್ಳಗಾಗದೆ ಮುಂದಿನ ತೊಟ್ಟಿಗೆ ಇಳಿಯಬಾರದು. ಮನೆಯಲ್ಲಿ ಹಳೆಯ ಕ್ಯಾನಿನಲ್ಲಿ ಬ್ಲೀಚಿಂಗ್ ದ್ರಾವಣ ಇದ್ದೇ ಇತ್ತು. ಬಕೆಟ್ಟಿಗೆ ಸುರಿದ. ಗಿಡವನ್ನು ಎಣಿಸಿ ಎರಡು ನಿಮಿಷ ಅದ್ದಿ ತೆಗೆದ. ಕಟ್ಟಿಗೆಯನ್ನು ಒಂದು ಗಂಟೆ ನೆನೆಹಾಕಿದ. ಆಮೇಲೆ ಕೊಳಾಯಿಯಡಿ ತಿರುಗಿಸಿ ಮುರುಗಿಸಿ ತೊಳೆದ.

ಕ್ಲೋರಿನ್ ಮುರಿಯುವ ಹರಳು ಕೊಡುತ್ತೇನೆ, ತೊಳೆದ ನೀರಿಗೆ ಹಾಕಿ ಎಂದು ಸೆಂದಿಲ್ ಹಿಂದೊಮ್ಮೆ ಹೇಳಿದ್ದ. ಕ್ಲೋರಿನ್ನಿನ ವಿಷಯ ನನಗೆ ಹೇಳುತ್ತಾನೆ ಎಂದು ವೆಂಕಟಾಚಲಂ ನಕ್ಕಿದ್ದ. ಘಟಕದಲ್ಲಿ ಬಟ್ಟೆಯಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ನೋಡಲು ಬಣ್ಣ ಬದಲಿಸುವ ಕಾಗದ ಇತ್ತು. ಇವನು ಅದನ್ನು ಮುಟ್ಟಿದವನಲ್ಲ. ಒದ್ದೆ ಬಟ್ಟೆ ಎತ್ತಿ ಒಮ್ಮೆ ಮೂಸಿದರೆ ಸಾಕು. ಇನ್ನೊಂದು ತೊಳೆತ ಎಂದರೆ ಇನ್ನೊಂದು ತೊಳೆತ, ಆಯಿತು ಎಂದರೆ ಆಯಿತು. ಕಾಗದ ಸುಳ್ಳು ಹೇಳಿದರೂ ಮಾಸ್ಟರ್ ಮೂಗು ಹೇಳುವುದಿಲ್ಲ ಎಂದು ಮಾಲೀಕರೇ ಹೊರಗಿನವರಿಗೆ ಅವನನ್ನು ತೋರಿಸುತ್ತಿದ್ದರು. ಕಟ್ಟಿಗೆಯನ್ನು ಮೂಗಿಗೆ ಹಿಡಿದ. ದೀರ್ಘವಾಗಿ ಉಸಿರೆಳೆದ. ಏನೂ ಇರಲಿಲ್ಲ. ಗಿಡ ಕಟ್ಟಿ ತೊಟ್ಟಿಯ ಎಡಮೂಲೆಯಲ್ಲಿ ಇಳಿಸಿದ. ಮೂರು ನಿಮಿಷಕ್ಕೇ ಅತ್ತೆ ಹೊಸ ಮನೆ ನೋಡಲು ಹೊರಟಿತು.

ಅವನು ಚೀಲ ಹಿಡಿದು ಮಾತ್ರೆ ತರಲು ಹೊರಟಾಗ ಕಣ್ಣಮ್ಮ ಮೂಗು ಅರಳಿಸಿದಳು.

"ಬ್ಲೀಚಿಂಗ್ ವಾಸ್ನೆ ಬರ್ತೈತೆ."

"ನನ್ ಸಟ್ಟೆದು" ಎಂದ ಅವನು, ಚಪ್ಪಲಿ ಮೆಟ್ಟುತ್ತಲೇ.

ಮೂವತ್ತೊಂದು ವರ್ಷ ಅವಳು ಇದೇ ದೂರು ಹೇಳಿದ್ದಳು, ಅವನು ಅಂಗಿಯ ಮೇಲೆ ಹಾಕಿ ಇದೇ ಉತ್ತರ ಕೊಟ್ಟಿದ್ದ. ಗಂಡಹೆಂಡಿರ ನಡುವೆ ಸವೆದು ನುಣ್ಣಗಾದ ಮಾತು. ಕೆಲಸ ಬಿಟ್ಟು ಒಂದು ವರ್ಷವಾಗಿದೆ, ಮೈಮೇಲಿನ ಅಂಗಿ ದೀಪಾವಳಿಗೆ ಗೋಕಿಲಾ ತಂದದ್ದು ಎನ್ನುವುದು ಅವನಿಗೆ ಹೊಳೆಯಲಿಲ್ಲ. ಅವಳಿಗೆ ಹೊಳೆದಿತ್ತೋ ಏನೋ. ಅವನು ಆಗಲೇ ಬೀದಿಯಲ್ಲಿದ್ದ.

ಮೆಡಿಕಲ್ಲಿನಲ್ಲಿ ಜನ. ರಕ್ತ ತೆಳುವಾಗಿಸುವ ಮಾತ್ರೆ ಮುಗಿದಿದೆ, ಈಗ ತರಿಸುತ್ತೇವೆ ಎಂದು ಕೂರಿಸಿದರು. ವಾಪಸು ಬರುವಾಗ ಒಂದೂವರೆ ಗಂಟೆ ಕಳೆದಿತ್ತು.

ಬಾಗಿಲು ತೆಗೆದವನಿಗೆ ಮೊದಲು ಕಂಡದ್ದು ಹೆಂಡತಿಯ ಮುಖವಲ್ಲ, ಅವಳ ಬಲ ಕೆನ್ನೆ. ಏಳು ತಿಂಗಳಲ್ಲಿ ಬಾಗಿಲಿಂದ ಬರೀ ಕೆನ್ನೆಯಷ್ಟೇ ಕಾಣುವ ಹಾಗೆ ಅವಳು ಎಂದೂ ತಿರುಗಿರಲಿಲ್ಲ. ಅವಳ ತಲೆ ಪೂರಾ ಎಡಕ್ಕೆ, ಗೋಡೆಯ ಮೂಲೆಗೆ ತಿರುಗಿತ್ತು. ಕತ್ತಿನ ನರ ಎದ್ದು ಕಾಣುತ್ತಿತ್ತು. ಒಂದು ಗಳಿಗೆ, ಹೇಳಲು ನಾಚಿಕೆಯಾಗುವ ಒಂದು ಗಳಿಗೆ, ಅವನಿಗೆ ಸಂತೋಷವಾಯಿತು.

ಆಮೇಲೆ ತೊಟ್ಟಿ ಕಂಡಿತು. ಏಳು ಮೀನು ಮೇಲೆ ತೇಲುತ್ತಿದ್ದವು. ಅತ್ತೆ ಮಾತ್ರ ಹೊಸ ಗಿಡದ ಎಲೆಯ ಮೇಲೆ ಮಗ್ಗುಲಾಗಿ ಮಲಗಿ ಒಂದೊಂದು ಸಲ ಬಾಯಿ ತೆರೆಯುತ್ತಿತ್ತು. ಅವನು ಕೈಹಾಕಿ ಎತ್ತುವುದರೊಳಗೆ ಅದೂ ನಿಂತಿತು.

ಕಣ್ಣಮ್ಮನ ದನಿ ಒಡೆದಿತ್ತು.

"ಕೂಗ್ದೆ. ಎಲ್ಲಾ ಮೇಲ್ ಬಂದು ಬಂದು ಬಾಯ್ ಬಿಡ್ತಿದ್ವು. ನಾನು ಕೂಗ್ತಾನೇ ಇದ್ದೆ."

ಪಕ್ಕದ ಮನೆಯಲ್ಲಿ ಆರು ಪವರ್‌ಲೂಮು ಓಡುತ್ತಿದ್ದವು. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಕೈಗೆಟುಕುವ ದೂರದಲ್ಲಿ ಎಂಟು ಜೀವ ಒದ್ದಾಡುವುದನ್ನು ಅವಳು ಒಂದು ಗಂಟೆ ನೋಡಿದ್ದಳು. ಏಳಲಾಗದೆ, ಯಾರನ್ನೂ ಕರೆಯಲಾಗದೆ, ಕಲಿಸಿಕೊಟ್ಟಂತೆಯೇ ಎಡಕ್ಕೆ ತಿರುಗಿ ನೋಡಿದ್ದಳು.

ವೆಂಕಟಾಚಲಂ ತೊಟ್ಟಿಯ ನೀರಿಗೆ ಮುಖ ಬಗ್ಗಿಸಿ ಮೂಸಿದ. ಏನೂ ಇಲ್ಲ. ಹಿತ್ತಲಿಗೆ ಹೋಗಿ ಬ್ಲೀಚಿಂಗ್ ಕ್ಯಾನಿನ ಮುಚ್ಚಳ ತೆಗೆದು ಮೂಗು ಇಟ್ಟ. ಕಣ್ಣು ಉರಿದು ನೀರು ಬಂತು, ಕೆಮ್ಮು ಬಂತು, ವಾಸನೆ ಬರಲಿಲ್ಲ. ಅಡುಗೆಮನೆಯಲ್ಲಿ ಇಂಗಿನ ಡಬ್ಬಿ ತೆಗೆದ. ಬೆಳ್ಳುಳ್ಳಿ ಜಜ್ಜಿದ. ಯಾವಾಗ ಹೋಯಿತು ಎಂದೂ ಅವನಿಗೆ ಗೊತ್ತಿರಲಿಲ್ಲ. ಹಾಲು ಸೀದದ್ದು ತಿಳಿಯಲಿಲ್ಲವೇ ಎಂದು ಕಣ್ಣಮ್ಮ ನಾಲ್ಕೈದು ವರ್ಷದಿಂದ ಬೈಯುತ್ತಿದ್ದಳು. ಅಡುಗೆಮನೆಯ ಬೈಗುಳಕ್ಕೆ ಯಾವ ಗಂಡಸು ಕಿವಿಗೊಟ್ಟಾನು? ಹಾಗಾದರೆ ಘಟಕದಲ್ಲಿ ಕೊನೆಯ ವರ್ಷಗಳಲ್ಲಿ ಆಯಿತು ಎಂದು ತಾನು ಕಳಿಸಿದ ಬಟ್ಟೆಗಳ ಗತಿ ಏನು ಎಂಬ ಯೋಚನೆ ಬಂತು. ಅವನು ಬೆಳ್ಳುಳ್ಳಿಯ ಕೈಯಲ್ಲೇ ನೆಲದ ಮೇಲೆ ಕೂತುಬಿಟ್ಟ.

ಗುರುವಾರ ಮೇರಿ ಬಂದು ಎಲ್ಲ ಕೇಳಿಸಿಕೊಂಡಳು. ಪೂರ್ತಿ ತಿರುಗಿದ್ದರಾ, ನೀವೇ ನೋಡಿದಿರಾ ಎಂದು ಎರಡು ಸಲ ಕೇಳಿದಳು. ಹಾಗಾದರೆ ಆಗುತ್ತದೆ ಅಂಕಲ್, ಅವರ ಕೈಲಿ ಆಗುತ್ತದೆ ಎಂದು ಉತ್ಸಾಹದಿಂದ ಎಡಗಡೆ ಕೂತು ಕರೆದಳು. ಕಣ್ಣಮ್ಮ ಬಲಗಡೆಯ ಕಿಟಕಿ ನೋಡುತ್ತ, ಯಾರು ಕರೆಯುವುದು, ಮುಂದೆ ಬಾ ಎಂದಳು. ಮೇರಿ ಗಂಟೆ ಕುಲುಕಿದಳು, ಟಾರ್ಚ್ ಹಾಕಿದಳು. ಕತ್ತು ಕದಲಲಿಲ್ಲ. ಆಗುವುದಿಲ್ಲವೋ, ಒಲ್ಲೆ ಎನ್ನುತ್ತಿದ್ದಾಳೋ ಎಂದು ವೆಂಕಟಾಚಲಂ ಬಾಗಿಲ ಹೊರಗೆ ಪಿಸುದನಿಯಲ್ಲಿ ಕೇಳಿದ. ಮೇರಿ ಬ್ಯಾಗಿನ ಪಟ್ಟಿ ಸರಿಮಾಡಿಕೊಳ್ಳುತ್ತ, ಗೊತ್ತಾಗುತ್ತಿಲ್ಲ ಎಂದಳು.

ಅವನು ಬಿಡಲಿಲ್ಲ. ತೊಟ್ಟಿ ಖಾಲಿ ಮಾಡಿ, ಜಲ್ಲಿ ಒಣಗಿಸಿ, ಬ್ಲೀಚಿಂಗ್ ಹೀರಿದ್ದ ಕಟ್ಟಿಗೆ ಎಸೆದು, ಸೆಂದಿಲ್ ಕೊಟ್ಟ ಹರಳನ್ನು ಸೆಂದಿಲ್ ಹೇಳಿದ ಅಳತೆಗೇ ಹಾಕಿದ. ಹುಲ್ಲಿನಲ್ಲಿ ಒಂದೆಳೆಯೂ ಉಳಿದಿರಲಿಲ್ಲ, ಹೊಸದು ನೆಟ್ಟು ಎಡಮೂಲೆಗೊಂದು ದೀಪವನ್ನೂ ಇಟ್ಟ. ಅಂಗಡಿಯಲ್ಲಿ ಈ ಸಲ ಪ್ರತಿಯೊಂದು ಎಲೆಗೂ ಇದು ನಮ್ಮ ನೀರಿಗೆ ಬರುತ್ತದೆಯೇ, ಇದು ನೆರಳಿಗೆ ಬರುತ್ತದೆಯೇ ಎಂದು ಕೇಳಿ ಕೇಳಿ ಆರಿಸಿದ. ಸೆಂದಿಲ್‌ಗೇ ಪಾಪ ಎನಿಸಿ, ಮಾಸ್ಟರ್, ಗಿಡಗಳು ಚೆನ್ನಾಗಿಯೇ ಇವೆ, ಹೆದರಬೇಡಿ ಎಂದ. ಹತ್ತು ದಿನ ಖಾಲಿ ನೀರು ಓಡಿಸಿ, ದಿನವೂ ಕ್ಲೋರಿನ್ ನೋಡುವ ಕಾಗದ ಅದ್ದಿ ನೋಡಿ, ಆಮೇಲೆ ಎಂಟು ಮೀನು ಬಿಟ್ಟ. ಕಿತ್ತಳೆಯದನ್ನು ಹುಡುಕಿ ತಂದಿದ್ದ. ಹುಲ್ಲು ಎಡಮೂಲೆಯಲ್ಲಿ ತೂಗಾಡಿತು. ಮೀನು ಅಲ್ಲಿಗೇ ಹೋದವು. ಎಲ್ಲವೂ ಸರಿಯಾಗಿತ್ತು.

ಮರುದಿನ ಬೆಳಿಗ್ಗೆ ಅವನು ತಟ್ಟೆ ತಂದು ಎಡಗಡೆ, ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕೂತ. ಕಣ್ಣಮ್ಮ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಬಲಗಡೆಯ ಎರಡು ಇಡ್ಲಿ ತಿಂದು ಮುಗಿಸಿ ಕೈ ನಿಲ್ಲಿಸಿದಳು.

"ಏನುಂಗ, ಆ ಮೀನ್ ತೊಟ್ಟಿ ಎತ್ತಿಬಿಟ್ರಾ?"

ಅವನ ಮೊಣಕೈ ತಾಗುವಷ್ಟು ಹತ್ತಿರದಲ್ಲಿ ಕಿತ್ತಳೆ ಮೀನು ಹುಲ್ಲಿನ ಎಳೆಗಳ ನಡುವೆ ನುಸುಳಿ ಹೊರಬಂದು ಉಳಿದವನ್ನು ಅಟ್ಟುತ್ತಿತ್ತು. ಅವನು ಅದನ್ನು ನೋಡಿದ, ಅವಳನ್ನು ನೋಡಿದ.

"ಎತ್ಬಿಟ್ಟೆ."

"ಒಳ್ಳೇದಾಯ್ತು" ಎಂದಳು ಅವಳು. "ಇನ್ನೆರಡು ಇಡ್ಲಿ ಹಾಕ್ರಿ."

ವೆಂಕಟಾಚಲಂ ಸ್ಟೂಲು ಎತ್ತಿಕೊಂಡು ಮಂಚ ಬಳಸಿ ಬಲಗಡೆಗೆ ಬಂದು ಕೂತ. ಏಳು ತಿಂಗಳಲ್ಲಿ ಅವನು ಅಲ್ಲಿ ಕೂತದ್ದು ಅದೇ ಮೊದಲು. ಅವಳು ಅವನ ಮುಖ ನೋಡಿ, ಇಷ್ಟು ದಿನ ಎಲ್ಲಿ ಹೋಗಿದ್ದಿರಿ ಎನ್ನುವಂತೆ ನಕ್ಕಳು. ಅವನು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಅವಳ ಮುಂದೆ ಇಟ್ಟ.